ಹುಣಸೆ ಬೀಜ, ಇದ್ದಿಲು, ಬಳಪ: ಆಟದ ಮೇಜಿಗೊಂದು ಕಡತ

ಕಡತ ಎಂದರೆ ಇವತ್ತಿನ ಕಚೇರಿಯಲ್ಲಿ ಫೈಲು. ರಟ್ಟಿನ ಹೊದಿಕೆ, ದಾರ, ಒಳಗೆ ಕಾಗದ. ಕಡತ ಮೇಲಿನವರ ಟೇಬಲ್ಲಿಗೆ ಹೋಗಿದೆ, ಕಡತ ವಿಲೇವಾರಿ ಆಗಿಲ್ಲ ಎಂದು ದಿನವೂ ಕಿವಿಗೆ ಬೀಳುವ ಈ ಮಾತಿನ ಹಿಂದೆ ಕಾಗದವೇ ಇಲ್ಲದ ಒಂದು ಪುಸ್ತಕವಿದೆ. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಕೂರಿಸಿದರೆ ಅದು ಕಡತ. ಕಪ್ಪು ಮೈ, ಅದರ ಮೇಲೆ ಬಳಪದ ಬಿಳಿ ಅಕ್ಷರ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು.

ಮೇಜಿನ ಸುತ್ತ ಕೂತು ಆಡುವ ಪಾತ್ರದಾಟಕ್ಕೆ, ಅಂದರೆ ರೋಲ್ ಪ್ಲೇಯಿಂಗ್ ಗೇಮಿಗೆ, ಕೈಯಾರೆ ಒಂದು ಪರಿಕರ ಮಾಡಬೇಕೆನ್ನುವವರು ಇದೇ ಕಡತದಿಂದ ಶುರು ಮಾಡಬಹುದು. ಕತ್ತಿ, ಕಿರೀಟ, ಬುರುಡೆಗಳ ಮಾದರಿಗಳು ಅಂತರ್ಜಾಲದ ತುಂಬ ಇವೆ. ಅವುಗಳಿಗೆ ಬೇಕಾದ ಫೋಮು, ರೆಸಿನ್ನು ಬೇಗೂರಿನಂಥ ಊರಿನಲ್ಲಿ ಸುಲಭಕ್ಕೆ ಸಿಗುವ ಸಾಮಾನಲ್ಲ. ಕಡತಕ್ಕೆ ಬೇಕಾದದ್ದೆಲ್ಲ ಹಿತ್ತಲಲ್ಲಿ, ಅಡುಗೆಮನೆಯಲ್ಲಿ, ಹಳೇ ಬಟ್ಟೆಯ ಗಂಟಿನಲ್ಲಿ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ, ನಂಜನಗೂಡು ದಾಟಿದ ಮೇಲೆ ಗುಂಡ್ಲುಪೇಟೆಗೆ ಮೊದಲು ಸಿಗುವ ಬೇಗೂರಿನ ಮಾತು. ‘ಬೆಂಗಳೂರು ಕಾಳಗ’ದ ಶಾಸನವಿರುವ ರಾಜಧಾನಿಯ ಬೇಗೂರು ಬೇರೆ. ಚಾಮರಾಜನಗರ ಜಿಲ್ಲೆಯ ಈ ಬೇಗೂರು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ. ಸುತ್ತ ಅರಿಶಿನ, ಬಾಳೆ, ಸಣ್ಣ ಈರುಳ್ಳಿಯ ಹೊಲಗಳು. ದಕ್ಷಿಣಕ್ಕೆ ಹೋದರೆ ಬಂಡೀಪುರದ ಕಾಡು, ಅದರಾಚೆ ಕೇರಳ ಮತ್ತು ತಮಿಳುನಾಡು. ಮೂರು ಸೀಮೆ ಸೇರುವ ದಾರಿಯ ಊರು ಕಥೆಗೆ ಒಳ್ಳೆಯ ನೆಲ.

ಪಾತ್ರದಾಟ ಏನೆಂದು ತಿಳಿಯದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆಯನ್ನು ನಡೆಸುತ್ತಾರೆ. ಅವರನ್ನು ಸೂತ್ರಧಾರ ಎನ್ನೋಣ, ಕನ್ನಡಕ್ಕೆ ಇದಕ್ಕಿಂತ ಸರಿಯಾದ ಪದ ಬೇಕಿಲ್ಲ. ಉಳಿದವರು ತಲಾ ಒಂದು ಪಾತ್ರ. ಮುಂದೆ ಬಾಗಿಲೊಂದಿದೆ, ಏನು ಮಾಡುತ್ತೀರಿ ಎಂದು ಸೂತ್ರಧಾರ ಕೇಳಿದರೆ, ಆಟಗಾರರು ತಮ್ಮ ಪಾತ್ರದ ಬಾಯಿಂದ ಉತ್ತರ ಕೊಡುತ್ತಾರೆ. ಫಲ ಖಚಿತವಿಲ್ಲದ ಕಡೆ ದಾಳ ಹಾಕುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯಲ್ಲಿ ಅಚ್ಚಾದ ಮೊದಲ ಆಟ. ಅದರ ಮೊದಲ ಪ್ರತಿಗಳ ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಲಾಗಿತ್ತು ಎಂಬುದು ಕೈಕೆಲಸದವರಿಗೆ ಹಿಡಿಸುವ ಸಂಗತಿ. ಅದೇ ಆಟದ ಪ್ರಕಾಶಕರು 2022ರಲ್ಲಿ ತಂದ ಒಂದು ಸಂಕಲನದಲ್ಲಿ ಮಿಮಿ ಮೊಂಡಲ್ ಬಂಗಾಳದ ನದಿಸೀಮೆಯ ಛಾಯೆಯಲ್ಲಿ ಒಂದು ಕಥೆ ಕಟ್ಟಿಕೊಟ್ಟರು. ನಮ್ಮ ಊರಿನ ಕಥೆಯನ್ನೂ ಹೀಗೆ ಆಡಬಹುದು ಎಂಬುದಕ್ಕೆ ಅಷ್ಟು ಸಾಕು.

ಚಾಮರಾಜನಗರದ ಕಡೆಯವರಿಗೆ ರಾತ್ರಿಯೆಲ್ಲ ಕೂತು ಒಂದು ಕಥೆಯನ್ನು ಹತ್ತು ಜನ ಸೇರಿ ನಡೆಸುವುದು ಹೊಸದೂ ಅಲ್ಲ. ಮಲೆ ಮಾದೇಶ್ವರನ ಕಥೆ ಹೇಳುವ ಕಂಸಾಳೆಯ ದೇವರಗುಡ್ಡರು, ತಂಬೂರಿ ಮೀಟಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಈ ಸೀಮೆಯವರೇ. ಮುಂದಾಳು ಒಂದು ಸೊಲ್ಲು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದು ಮುಂದಕ್ಕೆ ಒಯ್ಯುತ್ತಾರೆ. ಪಾತ್ರದಾಟ ಅದರ ತಮ್ಮನಲ್ಲ, ದಾಯಾದಿಯೂ ಅಲ್ಲ. ಆದರೆ ಕೇಳುವವರು ಸುಮ್ಮನೆ ಕೂರದ ಕಥೆಯ ರುಚಿ ಇಲ್ಲಿನ ಕಿವಿಗೆ ಗೊತ್ತು.

ಇನ್ನು ಪರಿಕರ. ನಾಟಕದ ರಂಗಪರಿಕರವನ್ನು ಪ್ರೇಕ್ಷಕರು ಇಪ್ಪತ್ತು ಮೂವತ್ತು ಅಡಿ ದೂರದಿಂದ ನೋಡುತ್ತಾರೆ. ರಟ್ಟಿಗೆ ಬೆಳ್ಳಿ ಬಣ್ಣ ಹೊಡೆದರೆ ದೀಪದ ಬೆಳಕಿನಲ್ಲಿ ಅದು ಕತ್ತಿ. ಆಟದ ಮೇಜಿನ ಪರಿಕರದ ಪಾಡು ಬೇರೆ. ಅದು ಕೈಯಿಂದ ಕೈಗೆ ಹೋಗುತ್ತದೆ. ಆಟಗಾರರು ಅದನ್ನು ತಿರುಗಿಸಿ ನೋಡುತ್ತಾರೆ, ಉಗುರಿನಿಂದ ಕೆರೆಯುತ್ತಾರೆ, ಮೂಸುತ್ತಾರೆ. ಅದರ ಭಾರ, ವಾಸನೆ, ಮಡಿಕೆಯ ಸದ್ದು ಎಲ್ಲವೂ ಕಥೆಯ ಭಾಗ. ಹೀಗಾಗಿ ದೂರದಿಂದ ಚೆಂದ ಕಾಣುವ ವಸ್ತುವಿಗಿಂತ ಕೈಯಲ್ಲಿ ಹಿಡಿದಾಗ ಏನಾದರೂ ಕೆಲಸ ಮಾಡುವ ವಸ್ತು ಇಲ್ಲಿ ಮೇಲು.

ಈ ಗುಟ್ಟನ್ನು ಪತ್ತೇದಾರಿ ಕಥೆಯವರು ಮೊದಲೇ ಕಂಡಿದ್ದರು. ಇಂಗ್ಲೆಂಡಿನಲ್ಲಿ 1936ರಲ್ಲಿ ಡೆನಿಸ್ ವೀಟ್ಲಿ ಮತ್ತು ಜೆ. ಜಿ. ಲಿಂಕ್ಸ್ ಸೇರಿ ‘ಮರ್ಡರ್ ಆಫ್ ಮಯಾಮಿ’ ಎಂಬ ಕೊಲೆಯ ಕಥೆಯನ್ನು ಪೊಲೀಸ್ ಫೈಲಿನ ರೂಪದಲ್ಲೇ ತಂದರು. ತಂತಿ ಸಂದೇಶ, ಛಾಯಾಚಿತ್ರ, ಕೂದಲೆಳೆ, ಬಳಸಿದ ಬೆಂಕಿಕಡ್ಡಿ ಅದರೊಳಗೇ ಇದ್ದವು. ಕೊಲೆಗಾರ ಯಾರೆಂದು ಓದುಗರೇ ಹುಡುಕಬೇಕಿತ್ತು. ಮುಂದೆ 1981ರಲ್ಲಿ ಬಂದ ‘ಕಾಲ್ ಆಫ್ ಕ್ತುಲು’ ಎಂಬ ಪಾತ್ರದಾಟ, ಪತ್ರ ಮತ್ತು ಪತ್ರಿಕೆಯ ತುಣುಕುಗಳನ್ನು ಆಟಗಾರರ ಕೈಗೆ ಕೊಡುವುದನ್ನೇ ತನ್ನ ಹೆಗ್ಗುರುತು ಮಾಡಿಕೊಂಡಿತು. ಕಡತ ಈ ಸಾಲಿಗೆ ಸೇರುವ ವಸ್ತು. ಕಾಗದದ ಪತ್ರಕ್ಕಿಲ್ಲದ ಗುಣವೂ ಅದಕ್ಕಿದೆ. ಉದ್ದಕ್ಕೂ ಒಂದೇ ಬಟ್ಟೆಯಾದ್ದರಿಂದ ಅದರಿಂದ ಹಾಳೆ ಕೀಳಲಾಗದು, ಕತ್ತರಿಸಿದರೆ ಗೊತ್ತಾಗುತ್ತದೆ. ಬರಹವನ್ನು ಮರೆಮಾಡಬೇಕೆನ್ನುವ ಕಳ್ಳನಿಗೆ ಉಳಿಯುವ ದಾರಿ ಒರೆಸುವುದೊಂದೇ. ಒರೆಸಿದ ಜಾಗದಿಂದಲೇ ನಮ್ಮ ಆಟ ಶುರು.

ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನು ಬಣ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿಯ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆ, ಎರಡು ಮೈಗೂ ಅಂಟು ಮತ್ತು ಇದ್ದಿಲ ಲೇಪ, ಕತ್ತರಿಸದೆ ಸಮನಾಗಿ ಮಡಿಸಿದ ಪುಟಗಳು, ತುದಿಗೆ ಬಣ್ಣ ಬಳಿದ ಹಲಗೆ, ಬರೆಯಲು ಬಳಪ. ತಾಳೆಗರಿಗಿಂತ ಕಡತವೇ ಬಾಳಿಕೆ ಬರುವುದು ಎಂಬುದು ಅವನ ತೀರ್ಮಾನ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಭಾರತೀಯರು ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಬರೆಯುತ್ತಾರೆ ಎಂದದ್ದು ಇದನ್ನೇ ಇರಬೇಕು ಎಂದೂ ಅವನು ಊಹಿಸಿದ. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳನ್ನು ವಿದ್ವಾಂಸ ಎ. ಕೆ. ಶಾಸ್ತ್ರಿ ಅಭ್ಯಾಸ ಮಾಡಿ ಪ್ರಕಟಿಸಿದ್ದಾರೆ. ಒರೆಸಬಹುದಾದ ಬರಹ ನೂರಾರು ವರ್ಷ ಬಾಳಿದ್ದು ಅದನ್ನು ಕಾಪಾಡಿದವರ ಶ್ರದ್ಧೆಯಿಂದ.

ಮಾಡುವ ಕೆಲಸಕ್ಕೆ ಬರೋಣ. ಬಿಡುವಿನಲ್ಲಿ ನಾಲ್ಕೈದು ದಿನ ಬೇಕು. ಮಳೆಗಾಲ ಬೇಡ, ಲೇಪ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ಹದವಾದವು. ಹುಣಸೆ ಹಣ್ಣು ಬಡಿದು, ಬೀಜ ಬಿಡಿಸಿ ಗುಡ್ಡೆ ಹಾಕುವ ಕಾಲವೂ ಅದೇ.

ಬಟ್ಟೆಗೆ ಹಳೆಯ ಹತ್ತಿ ಪಂಚೆಯಷ್ಟು ಒಳ್ಳೆಯದು ಬೇರೊಂದಿಲ್ಲ. ಹಲವು ಸಲ ಒಗೆದು ಗಂಜಿಯೆಲ್ಲ ಬಿಟ್ಟುಹೋಗಿರುತ್ತದೆ, ಎಳೆ ಮೆತ್ತಗಾಗಿ ಅಂಟನ್ನು ಹೀರುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಬೇಡ, ಅದರ ಮೇಲೆ ಲೇಪ ನಿಲ್ಲದೆ ಚಕ್ಕೆಯೇಳುತ್ತದೆ. ವಿಲ್ಕ್ಸ್ ಹೇಳುವ ಹದಿನೆಂಟು ಅಡಿ ಆಟದ ಮೇಜಿಗೆ ಹೆಚ್ಚಾಯಿತು. ಎಂಟು ಅಂಗುಲ ಅಗಲ, ಆರು ಅಡಿ ಉದ್ದ ಸಾಕು. ಆರು ಅಂಗುಲಕ್ಕೊಂದು ಮಡಿಕೆ ಹಾಕಿದರೆ ಹನ್ನೆರಡು ಮಡಿಕೆ, ಎರಡು ಮೈ ಸೇರಿ 24 ಪುಟ. ತುದಿಯ ಎರಡು ಪುಟ ಹಲಗೆಗೆ ಅಂಟಿಹೋಗುತ್ತವೆ. ಬರೆಯಲು 22 ಪುಟ ಉಳಿಯುತ್ತದೆ.

ಅಂಟಿನದೇ ದೊಡ್ಡ ಕೆಲಸ. ಹುಣಸೆ ಬೀಜವನ್ನು ಬಾಣಲೆಯಲ್ಲಿ ಹುರಿಯಬೇಕು. ಕೆಂಪು ಸಿಪ್ಪೆ ಚಿಟಚಿಟ ಎಂದು ಬಿರಿದಾಗ ಇಳಿಸಿ, ಒರಳಿನಲ್ಲಿ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗಿ ಬಿಳಿ ಬೇಳೆ ಉಳಿಯುತ್ತದೆ. ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಕು. ನೆನೆಯದ ಬೀಜವನ್ನು ಮಿಕ್ಸಿಗೆ ಹಾಕಿದರೆ ಬ್ಲೇಡು ಹಾಳಾಗುತ್ತದೆ, ಅಷ್ಟು ಗಟ್ಟಿ. ಬೆಳಿಗ್ಗೆ ನುಣ್ಣಗೆ ರುಬ್ಬಿ, ನೂರು ಗ್ರಾಂ ಬೇಳೆಗೆ ಒಂದು ಲೀಟರಿನಷ್ಟು ತಣ್ಣೀರು ಸೇರಿಸಿ ಗಂಟಿಲ್ಲದಂತೆ ಕದಡಿ, ಆಮೇಲಷ್ಟೇ ಒಲೆಯ ಮೇಲಿಡಬೇಕು. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವುತ್ತಿದ್ದರೆ ಅದು ಮಿರುಗುವ ಅಂಬಲಿಯಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಹುಳು ತಿನ್ನದಿರಲೆಂದು ಬೇವಿನ ಸೊಪ್ಪು ಕುದಿಸಿದ ನೀರನ್ನೇ ಬಳಸುವುದು ಒಳ್ಳೆಯದು. ಮೈಲುತುತ್ತ ಹಾಕಿದರೆ ಹುಳು ಬರುವುದಿಲ್ಲ, ನಿಜ. ಅದು ವಿಷ, ಹತ್ತಾರು ಕೈ ಮುಟ್ಟುವ ಆಟದ ವಸ್ತುವಿಗೆ ಸಲ್ಲದು. ಈ ಅಂಟು ಎರಡು ದಿನಕ್ಕೆ ಹಳಸುತ್ತದೆ, ಬೇಕಾದಷ್ಟನ್ನೇ ಮಾಡಿಕೊಳ್ಳಿ.

ಹುಣಸೆ ಬೀಜದ ಅಂಟಿಗೆ ಕರ್ನಾಟಕದಲ್ಲಿ ಇನ್ನೂ ಕೆಲಸವಿದೆ. ಕುರುಬರು ಕಂಬಳಿಗೆ ಕುಡಿಸುವ ಗಂಜಿ ಇದರದೇ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗಳ ಸಂದು ತುಂಬಿ ಮೈ ನಯ ಮಾಡುವುದೂ ಇದರಿಂದಲೇ. ಪೇಟೆಯ ಬಿಳಿ ಗೋಂದಿನಲ್ಲಿ ಕೆಲಸ ಬೇಗ ಮುಗಿಯುತ್ತದೆ, ಒಪ್ಪಬೇಕು. ಆದರೆ ಗೋಂದಿನ ಮೈ ಪ್ಲಾಸ್ಟಿಕ್ಕಿನಂತೆ ಜಾರುತ್ತದೆ, ಬಳಪ ಹಿಡಿಯುವುದಿಲ್ಲ.

ಇದ್ದಿಲಿಗೆ ತೆಂಗಿನ ಚಿಪ್ಪು ಉತ್ತಮ. ಸುಟ್ಟು ಆರಿದ ಮೇಲೆ ಸ್ವಲ್ಪ ನೀರು ಚಿಮುಕಿಸಿಯೇ ಕುಟ್ಟಿ, ಇಲ್ಲದಿದ್ದರೆ ಮನೆಯೆಲ್ಲ ಕಪ್ಪು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕೂತು ಮಾಡುವ ಕೆಲಸ ಇದು. ಒಣಗಿಸಿ, ಪಂಚೆಯ ತುಂಡಿನಲ್ಲಿ ಜಾಲಿಸಿದರೆ ಹಿಟ್ಟಿನಂಥ ಪುಡಿ ಸಿಗುತ್ತದೆ. ದೀಪದ ಮಸಿ ಇನ್ನೂ ಕಪ್ಪಾಗಿರುತ್ತದೆ, ಆದರೆ ಎಣ್ಣೆಯ ಪಸೆಯಿಂದ ಬಳಪ ಜಾರುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದ ಹಿರಿಯರಿಗೆ ಈ ಕೆಲಸ ಹೊಸದಲ್ಲ. ಬೇಸಿಗೆ ರಜೆ ಮುಗಿದ ಮೇಲೆ ತೊಂಡೆ ಸೊಪ್ಪನ್ನೂ ಇದ್ದಿಲನ್ನೂ ಅರೆದು ಕಪ್ಪು ಹಲಗೆಗೆ ಬಳಿದ ಕೈಗಳು ಅವು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನು ಕೂರಿಸಿಕೊಂಡೇ ಮಾಡಿ. ಲೇಪದ ಹದ ಅವರಿಗೆ ಕಣ್ಣಳತೆಯಲ್ಲೇ ತಿಳಿಯುತ್ತದೆ.

ಎರಡು ಪಾಲು ಅಂಟಿಗೆ ಒಂದು ಪಾಲು ಪುಡಿ, ದೋಸೆ ಹಿಟ್ಟಿನ ಹದ. ಇದನ್ನು ನೇರ ಕಡತಕ್ಕೆ ಬಳಿಯದೆ ಅಂಗೈಯಗಲದ ತುಂಡಿನ ಮೇಲೆ ಮೊದಲು ನೋಡಿಕೊಳ್ಳಬೇಕು. ಒಣಗಿದ ಮೇಲೆ ಬೆರಳಿಗೆ ಮಸಿ ಹತ್ತಿದರೆ ಅಂಟು ಸಾಲದು; ಬಳಪ ಜಾರಿದರೆ ಅಂಟು ಹೆಚ್ಚಾಗಿದೆ; ಮಡಿಸಿದಾಗ ಬಿರುಕು ಬಿಟ್ಟರೆ ಲೇಪ ದಪ್ಪವಾಗಿದೆ. ಈ ಮೂರು ಪರೀಕ್ಷೆಗೆ ಒಂದು ದಿನ ಹೋದರೂ ನಷ್ಟವಿಲ್ಲ.

ಬಟ್ಟೆಯನ್ನು ಉದ್ದನೆಯ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸುಕ್ಕಿಲ್ಲದಂತೆ ಬಿಗಿಯಿರಿ. ಮೊದಲ ಕೈ ಬರೀ ಅಂಟು. ಎಳೆಗಳ ಸಂದು ತುಂಬಲು. ಒಣಗಿದ ಮೇಲೆ ಇದ್ದಿಲು ಬೆರೆಸಿದ ಲೇಪ ಮೂರು ಸಲ, ಒಂದು ಸಲ ಉದ್ದಕ್ಕೆ ಎಳೆದರೆ ಮುಂದಿನ ಸಲ ಅಡ್ಡಕ್ಕೆ. ಪ್ರತಿ ಸಲವೂ ನೆರಳಿನಲ್ಲಿ ಪೂರ್ತಿ ಒಣಗಬೇಕು. ಬಿಸಿಲಿಗಿಟ್ಟರೆ ಅಂಚು ಸುರುಳಿಯೇಳುತ್ತದೆ. ಆಮೇಲೆ ತಿರುಗಿಸಿ ಇನ್ನೊಂದು ಮೈ. ಕೊನೆಯ ಲೇಪ ಗರಿಗರಿಯಾಗುವ ಮೊದಲು, ಇನ್ನೂ ಸ್ವಲ್ಪ ತಂಪಿರುವಾಗ, ಆರಂಗುಲಕ್ಕೊಂದು ಗೆರೆಯನ್ನು ಚಾಕುವಿನ ಬೆನ್ನಿನಿಂದ ಒತ್ತಿ, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಮಡಿಸುತ್ತ ಹೋಗಿ. ರುಬ್ಬುವ ಗುಂಡನ್ನೋ ಇಟ್ಟಿಗೆಯನ್ನೋ ಹೇರಿ ರಾತ್ರಿ ಬಿಡಿ. ಬೆಳಿಗ್ಗೆ ಬಿಚ್ಚಿ, ನಯವಾದ ಹೊಳೆಗಲ್ಲಿನಿಂದಲೋ ದೊಡ್ಡ ಕವಡೆಯ ಬೆನ್ನಿನಿಂದಲೋ ಪ್ರತಿ ಪುಟವನ್ನೂ ಸುತ್ತು ಸುತ್ತಾಗಿ ಉಜ್ಜಿದರೆ ಮೈ ಗಟ್ಟಿಯಾಗುತ್ತದೆ.

ಹಲಗೆಗೆ ಬಡಗಿಯ ಬಳಿ ಮಿಕ್ಕ ಆರು ಮಿಲಿಮೀಟರ್ ಪ್ಲೈವುಡ್ ಸಾಕು, ಪುಟಕ್ಕಿಂತ ಕಾಲಂಗುಲ ದೊಡ್ಡದಾಗಿ ಎರಡು ತುಂಡು. ಬಣ್ಣ ಬೇಗೂರಿನ ಹೊಲದ್ದೇ ಇರಲಿ. ಅರಿಶಿನದ ನೀರು ಬಳಿದು, ಒಣಗಿದ ಮೇಲೆ ಸುಣ್ಣದ ತಿಳಿ ಸವರಿದರೆ ಹಳದಿ ಕಣ್ಣೆದುರೇ ಕೆಂಪಾಗುತ್ತದೆ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದಾಗ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ. ಆರತಿಯ ತಟ್ಟೆಯ ಓಕುಳಿಯೂ ಇದೇ. ಈ ಕೆಂಪು ಬೆಳಕಿಗೆ ಮಾಸುತ್ತದೆ. ಹಳೆಯದಾಗಿ ಕಾಣಬೇಕಾದ ವಸ್ತುವಿಗೆ ಅದು ಲಾಭವೇ.

ಬಳಪ ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ಲೇಟಿನ ಕಡ್ಡಿ ಗಟ್ಟಿ, ಲೇಪವನ್ನು ಗೀರುತ್ತದೆ. ಬೇಕಾದದ್ದು ಮೆದುವಾದ ಬಳಪದ ಕಲ್ಲು, ಹೊಯ್ಸಳರ ದೇಗುಲಗಳ ಶಿಲ್ಪಕ್ಕೆ ಒದಗಿದ ಕಲ್ಲಿನ ಜಾತಿ. ವೆಲ್ಡಿಂಗ್ ಕೆಲಸದವರು ಕಬ್ಬಿಣದ ಮೇಲೆ ಗುರುತು ಹಾಕಲು ಚಪ್ಪಟೆಯ ಬಿಳಿ ಕಡ್ಡಿ ಬಳಸುತ್ತಾರಲ್ಲ, ಅದು ಇದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ.

ಇಷ್ಟಾದರೆ ವಸ್ತು ಸಿದ್ಧ. ಅದಕ್ಕೆ ಜೀವ ಬರುವುದು ಬರಹದಿಂದ.

ಒಂದು ಮಾದರಿ ಕಥೆ ಹೀಗಿರಬಹುದು. ಕಾಲ ಚಿಕ್ಕದೇವರಾಜ ಒಡೆಯರದು. ಅವರು 1673ರಿಂದ 1704ರವರೆಗೆ ಆಳಿದವರು; ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ಹಂಚಿದ ‘ಅಠಾರ ಕಚೇರಿ’ ಅವರದು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ತಂದೆಯ ನೆನಪಿಗೆ ಕಟ್ಟಿಸಿದವರೂ ಅವರೇ ಆದ್ದರಿಂದ ಈ ಸೀಮೆಗೆ ಅವರ ಹೆಸರು ಹತ್ತಿರದ್ದು. ಘಟ್ಟದ ದಾರಿಯ ಸುಂಕದ ಚಾವಡಿಯಲ್ಲಿ ಲೆಕ್ಕ ತಪ್ಪಿದೆ. ಶಾನುಭೋಗರು ಕಾಣೆ. ಪಟ್ಟಣದಿಂದ ಬಂದ ಕಚೇರಿಯ ಗುಮಾಸ್ತ, ಎತ್ತಿನ ಮೇಲೆ ಹೇರು ತರುವ ವ್ಯಾಪಾರಿ, ಶಾನುಭೋಗರ ಮಗಳು, ಕಾಡಿನ ದಾರಿ ಬಲ್ಲ ಒಬ್ಬರು ಆಟಗಾರರ ಪಾತ್ರಗಳು. ಮೇಜಿನ ಮೇಲೆ ಸೂತ್ರಧಾರ ಇಡುವುದು ಚಾವಡಿಯ ಕಡತ. ಕಥೆ ಕಲ್ಪಿತ, ಅದರೊಳಗಿನ ಲೆಕ್ಕ ಮಾತ್ರ ನಿಜವಾದದ್ದಾಗಿರಲಿ.

ಹಳೆಯ ಅಳತೆಯಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕಡತದ ಒಂದು ಪುಟದಲ್ಲಿ ರಾಗಿ ೨ ಖಂಡುಗ ೧೫ ಕೊಳಗ, ಕೆಳಗೆ ೧ ಖಂಡುಗ ೧೦ ಕೊಳಗ ಎಂದು ಬರೆಯಿರಿ. ಸರಿಯಾದ ಮೊತ್ತ ೪ ಖಂಡುಗ ೫ ಕೊಳಗ. ಕಡತದಲ್ಲಿ ೫ ಖಂಡುಗ ೫ ಕೊಳಗ ಎಂದಿರಲಿ. ಇಪ್ಪತ್ತೈದು ಕೊಳಗವನ್ನು ಹತ್ತರ ಲೆಕ್ಕದಲ್ಲಿ ಖಂಡುಗ ಮಾಡಿದವರು ಮಾತ್ರ ಹೀಗೆ ತಪ್ಪುತ್ತಾರೆ. ಊರಿನ ಶಾನುಭೋಗರು ನಿದ್ದೆಯಲ್ಲೂ ಈ ತಪ್ಪು ಮಾಡುವವರಲ್ಲ. ಹಾಗಾದರೆ ಹತ್ತರ ಲೆಕ್ಕ ಯಾರ ಕೈಗೆ ಒಗ್ಗಿದ್ದು? ಹತ್ತು ಕಂಠೀರಾಯಿ ಹಣಕ್ಕೆ ಒಂದು ವರಹ. ದಿನವೆಲ್ಲ ಹಣ ಎಣಿಸಿ ವರಹಕ್ಕೆ ಮುರಿಯುವ ಚಿನಿವಾರನದು ಈ ಬರಹ. ಕಳ್ಳನ ಗುರುತು ಅವನ ಕೈಬರಹದಲ್ಲಲ್ಲ, ಅವನು ಕೂಡುವ ರೀತಿಯಲ್ಲಿ ಸಿಕ್ಕಿಬೀಳುತ್ತದೆ. ಅಜ್ಜಿಯ ಬಾಯಲ್ಲಿ ಖಂಡುಗ ಕೊಳಗ ಕೇಳಿದ ಆಟಗಾರರು ಇದನ್ನು ತಟ್ಟನೆ ಹಿಡಿಯುತ್ತಾರೆ. ಗೊತ್ತಿಲ್ಲದವರಿಗೆ ಚಾವಡಿಯ ಗೋಡೆಯ ಮೇಲೊಂದು ಅಳತೆಯ ಪಟ್ಟಿ ಇದೆ ಎಂದು ಸೂತ್ರಧಾರ ಸುಳಿವು ಕೊಡಬಹುದು.

ತೇದಿಯಲ್ಲೂ ಹೀಗೆಯೇ ಆಟವಾಡಬಹುದು. ಸಂವತ್ಸರಗಳ ಸಾಲಿನಲ್ಲಿ ಚಿತ್ರಭಾನು ಮೊದಲು, ಸ್ವಭಾನು ಆಮೇಲೆ. ಅಂದಿನ ಲೆಕ್ಕಕ್ಕೆ 1702 ಮತ್ತು 1703. ಸ್ವಭಾನುವಿನ ಪುಟದ ನಂತರ ಚಿತ್ರಭಾನುವಿನ ಪುಟ ಬಂದರೆ, ಮಡಿಕೆಗಳು ಹಿಂದೆ ಮುಂದೆ ಆಗಲಾರವು, ಒಂದೇ ಬಟ್ಟೆಯಲ್ಲವೆ? ಯಾರೋ ಹಳೆಯ ಪುಟ ಒರೆಸಿ ಹೊಸದಾಗಿ ಬರೆದಿದ್ದಾರೆ.

ಒರೆಸಿದ ಸಾಲನ್ನು ಆಟಗಾರರೇ ಕಂಡುಹಿಡಿಯುವಂತೆ ಮಾಡುವ ಬಗೆಯೊಂದು ತಾಳೆಗರಿಯಿಂದ ಬಂದದ್ದು. ಗರಿಯ ಮೇಲೆ ಚೂಪಾದ ಲೋಹದ ಕಡ್ಡಿಯಿಂದ ಕೊರೆದು, ಮಸಿ ತಿಕ್ಕಿದರೆ ಅಕ್ಷರ ಕಪ್ಪಾಗಿ ಏಳುತ್ತದೆ. ಕಡತದಲ್ಲಿ ಅದನ್ನೇ ತಿರುಗಿಸಿ. ಖಾಲಿ ಕಾಣುವ ಪುಟದಲ್ಲಿ ಮೊಂಡು ಸೂಜಿಯಿಂದ ಒಂದು ಸಾಲನ್ನು ಮೆಲ್ಲಗೆ ಒತ್ತಿ ಬರೆದಿಡಿ. ಎದುರಿನಿಂದ ನೋಡಿದರೆ ಏನೂ ಇಲ್ಲ. ಆಟಗಾರರು ಬಳಪವನ್ನು ಅಡ್ಡ ಹಿಡಿದು ಪುಟವೆಲ್ಲ ಸವರಿದಾಗ ಮೈ ಬಿಳಿಯಾಗುತ್ತದೆ, ತಗ್ಗಿನ ಅಕ್ಷರ ಕಪ್ಪಾಗಿಯೇ ಉಳಿಯುತ್ತದೆ. ಇದ್ದಿಲಿಲ್ಲದ ಬರೀ ಅಂಟಿನಿಂದ ಬರೆದರೆ ಇನ್ನೊಂದು ಬಗೆ: ಮಂದ ಕಪ್ಪಿನ ಮೇಲೆ ಆ ಗೆರೆ, ಟಾರ್ಚನ್ನು ಓರೆ ಹಿಡಿದಾಗ ಮಾತ್ರ ಮಿನುಗುತ್ತದೆ. ಎರಡರಲ್ಲಿ ಮೊದಲನೆಯದೇ ಮೇಲು. ಗುಟ್ಟು ಬಿಚ್ಚುವ ಕೈ ಆಟಗಾರರದಾಗುತ್ತದೆ, ಆ ಕೈಗೆ ಬಳಪದ ಪುಡಿಯೂ ಹತ್ತುತ್ತದೆ. ಒರೆಸುವಾಗ ಒಣ ಬಟ್ಟೆ ಬಳಸಿ, ತೀರಾ ಬೇಕಾದರೆ ಹಿಂಡಿದ ಒದ್ದೆ ಬಟ್ಟೆ. ಹುಣಸೆಯ ಅಂಟು ನೀರಿಗೆ ಕರಗುವಂಥದ್ದು.

ದಾಳಕ್ಕೂ ಪೇಟೆಯ ದಾರಿ ನೋಡಬೇಕಿಲ್ಲ. ಚೌಕಾಬಾರದ ನಾಲ್ಕು ಕವಡೆ ಸಾಕು. ಇಲ್ಲವೇ ಅಂಟಿಗೆ ತಂದ ಹುಣಸೆ ಬೀಜದಲ್ಲೇ ನಾಲ್ಕನ್ನು ಎತ್ತಿಟ್ಟು, ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಬಿಳಿಯಾಗುವವರೆಗೆ ತಿಕ್ಕಿ. ಎರಡು ಮಗ್ಗುಲಿಗೂ ಬೀಳುವ ಅವಕಾಶ ಸಮನಿದ್ದರೆ, ಹದಿನಾರು ಸಲದಲ್ಲಿ ಸರಾಸರಿ ಆರು ಸಲ ಎರಡು ಬಿಳಿ, ತಲಾ ನಾಲ್ಕು ಸಲ ಒಂದು ಅಥವಾ ಮೂರು, ನಾಲ್ಕೂ ಬಿಳಿ ಒಂದೇ ಸಲ, ನಾಲ್ಕೂ ಕಪ್ಪು ಒಂದೇ ಸಲ. ಸಾಮಾನ್ಯ ಕೆಲಸಕ್ಕೆ ಎರಡು ಬಿಳಿ ಬಿದ್ದರೆ ಗೆಲುವು, ಕಷ್ಟದ ಕೆಲಸಕ್ಕೆ ಮೂರು ಬೇಕು, ನಾಲ್ಕೂ ಬಿಳಿಯಾಗುವ ಚೌಕ ಬಿದ್ದರೆ ಊಹಿಸದ ಅದೃಷ್ಟ ಎಂಬ ನಿಯಮವಿಟ್ಟರೆ ಪುಸ್ತಕವಿಲ್ಲದೆಯೇ ಆಟ ನಡೆಯುತ್ತದೆ. ನಿಜವಾದ ಬೀಜಗಳು ಅಷ್ಟು ಸಮನಿರುವುದಿಲ್ಲ. ಐವತ್ತು ಸಲ ಹಾಕಿ ನೋಡಿ, ಹೆಚ್ಚು ವಾಲುವುದನ್ನು ಬದಲಿಸಿ. ಕೈಯಲ್ಲಿ ಮಾಡಿದ ಆಟದ ಸಾಮಾನಿನ ಸೊಗಸು ಕಾಣಬೇಕೆಂದವರು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ಏರ್ಪಟ್ಟಾಗ ಹೋಗಿಬರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಆಟಗಳನ್ನು ರಚಿಸಿ ಗಂಜೀಫ ಎಲೆಗಳ ಕಲೆಗೆ ಆಸರೆ ಕೊಟ್ಟ ಸೀಮೆ ಇದು.

ಕೆಲವು ವಸ್ತುಗಳನ್ನು ಮಾತ್ರ ಆಟದ ಮೇಜಿಗೆ ತರಬಾರದು. ಬಂಡೀಪುರದ ಅಂಚಿನ ಊರುಗಳಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಪರದೇಶದ ಚಿತ್ರಗಳಲ್ಲಿ ಕೊಂಬು, ಉಗುರು, ಹಲ್ಲುಗಳಿಂದ ಸಿಂಗರಿಸಿದ ಕೋಲು ಕತ್ತಿಗಳನ್ನು ನೋಡಿ ಯಾರಿಗಾದರೂ ಆಸೆ ಹುಟ್ಟಬಹುದು. ಜಿಂಕೆಯ ಕೊಂಬು ತಾನಾಗಿ ಉದುರಿದ್ದಾದರೂ ಎತ್ತಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮುಳ್ಳುಹಂದಿಯ ಮುಳ್ಳೂ ಅಷ್ಟೇ. ಕೊಂಬು ಬೇಕಿದ್ದರೆ ಸುಬಾಬುಲ್ ಕೊಂಬೆಯನ್ನು ಕೆತ್ತಿಕೊಳ್ಳಿ. ಹಾಗೆಯೇ ಕಂಸಾಳೆ, ಜೋಳಿಗೆ, ಬೆತ್ತ. ದೇವರಗುಡ್ಡರು ದೀಕ್ಷೆ ಪಡೆದು ಹಿಡಿಯುವ ವಸ್ತುಗಳವು. ಅಂಥ ಪಾತ್ರ ಕಥೆಯೊಳಗೆ ಬರಲಿ, ವಸ್ತು ಮೇಜಿನ ಮೇಲೆ ಬರುವುದು ಬೇಡ.

ಇನ್ನೊಂದು ಎಚ್ಚರ ಕಡತದ್ದೇ. ಚೆನ್ನಾಗಿ ಮಾಡಿದ ಕಡತ ನಾಲ್ಕು ವರ್ಷ ಕೈಯಾಡಿದ ಮೇಲೆ ನಿಜಕ್ಕೂ ಹಳೆಯದರಂತೆ ಕಾಣುತ್ತದೆ. ಮುಂದೊಂದು ದಿನ ಅದನ್ನು ಯಾರೋ ಪುರಾತನವೆಂದು ನಂಬುವುದು, ಇನ್ಯಾರೋ ಮಾರುವುದು ಬೇಡ. ಹಲಗೆಯ ಒಳಮೈಯಲ್ಲಿ, ಅಂಟಿಸುವ ಮೊದಲೇ, ಇದು ಆಟದ ವಸ್ತು ಎಂದು ಬರೆದು ಊರು ಮತ್ತು ಇಸವಿ ಹಾಕಿ. ಅದೇ ಮಾತನ್ನು ಹೊರ ಅಂಚಿನಲ್ಲಿ ಸಣ್ಣಗೆ ಕೆತ್ತಿ.

ನಿಜವಾದ ಕಡತವೊಂದು ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಯಲ್ಲಿ ಇದ್ದೀತು. ಶಾನುಭೋಗಿಕೆ, ಪಟೇಲಿಕೆ, ವ್ಯಾಪಾರ ಮಾಡಿದ ಮನೆತನಗಳಲ್ಲಿ ಹುಡುಕಿ ನೋಡಬೇಕು. ಸಿಕ್ಕರೆ ಅದನ್ನು ಆಟಕ್ಕೆ ತರಬೇಡಿ, ಒರೆಸಿ ಚೊಕ್ಕ ಮಾಡಲೂ ಬೇಡಿ. ಒಂದು ಒದ್ದೆ ಬಟ್ಟೆಗೆ ಅದರ ಬರಹ ಪೂರ್ತಿ ಹೋಗುತ್ತದೆ. ಎಪ್ಪತ್ತೈದು ವರ್ಷ ದಾಟಿದ, ಚರಿತ್ರೆಯ ಬೆಲೆಯುಳ್ಳ ಹಸ್ತಪ್ರತಿ ಮತ್ತು ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದೂ ನೆನಪಿರಲಿ. ಒಣ ಬಟ್ಟೆಯಲ್ಲಿ ಸುತ್ತಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಿ. ಅದು 1891ರಲ್ಲಿ ಶುರುವಾದ ಸಂಸ್ಥೆ. ತಂಜಾವೂರು ಕಡೆಯ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಅಲ್ಲಿಯೇ, 1905ರಲ್ಲಿ.